ಪಾಲ್ಯರೋ ಪುತ್ರರೋ? — ಪರದೇಶದವರ ಮಡಿಲು ಸೇರಿದ ಪರಿತ್ಯಕ್ತ ಶಿಶುಗಳ ಪೂರ್ವೋತ್ತರ

ಹೆತ್ತವರು ಕೈಬಿಟ್ಟ ಕೂಸು ಯಾರದು ಎಂಬ ಪ್ರಶ್ನೆಯು ಇಂದು ನಿನ್ನೆ ಹುಟ್ಟಿದುದಲ್ಲ. ನಮ್ಮ ಧರ್ಮಶಾಸ್ತ್ರಕಾರರು ಅದಕ್ಕೆ ನೇರವಾದ ಉತ್ತರವನ್ನೇ ಕೊಟ್ಟಿದ್ದರು. ಮನುವೂ ಯಾಜ್ಞವಲ್ಕ್ಯನೂ ಎಣಿಸಿದ ಹನ್ನೆರಡು ಬಗೆಯ ಪುತ್ರರಲ್ಲಿ ‘ಅಪವಿದ್ಧ’ನೆಂಬವನೂ ಒಬ್ಬನು. ತಾಯಿತಂದೆಗಳು ತೊರೆದ ಮಗುವನ್ನು ಯಾರು ಪರಿಗ್ರಹಿಸುವರೋ ಅವರಿಗೆ ಅದು ಪುತ್ರನಾಗುವುದೆಂಬುದೇ ಆ ಹೆಸರಿನ ತಾತ್ಪರ್ಯ. ಕಲ್ಯಾಣದ ಚಾಲುಕ್ಯರ ರಾಜಧಾನಿಯಲ್ಲಿ ಕುಳಿತು ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯನ ಆ ವಚನಕ್ಕೂ ವ್ಯಾಖ್ಯಾನಮಾಡಿದ್ದಾನೆ. ಗಂಗೆಯಲ್ಲಿ ತೇಲಿಬಂದ ಪೆಟ್ಟಿಗೆಯೊಳಗಿನ ಶಿಶುವನ್ನು ಸೂತನಾದ ಅಧಿರಥನೂ ಅವನ ಪತ್ನಿ ರಾಧೆಯೂ ಎತ್ತಿಕೊಂಡಾಗ ಯಾರ ಅಪ್ಪಣೆಯನ್ನೂ ಬೇಡಲಿಲ್ಲ. ಕರ್ಣನು ಕಡೆಯವರೆಗೂ ರಾಧೇಯನೇ ಆಗಿ ಉಳಿದನು.

ಕಾಲಾಂತರದಲ್ಲಿ ಈ ಬಾಗಿಲು ಮುಚ್ಚಿತು. ಹನ್ನೆರಡು ಬಗೆಯ ಪುತ್ರರಲ್ಲಿ ಔರಸ ಮತ್ತು ದತ್ತಕರನ್ನುಳಿದು ಮಿಕ್ಕವರು ಕಲಿಯುಗದಲ್ಲಿ ವರ್ಜ್ಯರೆಂದು ನಿಬಂಧಕಾರರು ವಿಧಿಸಿದರು. ದತ್ತಕವೆಂದರೆ ಕೊಡಲ್ಪಟ್ಟದ್ದು. ಕೊಡುವವರಿಲ್ಲದೆ ದಾನವಿಲ್ಲ, ದಾನವಿಲ್ಲದೆ ದತ್ತಕವಿಲ್ಲ. ಕೊಡುವ ಅಧಿಕಾರವೋ ತಂದೆತಾಯಿಗಳಿಗೆ ಮಾತ್ರವೇ ಸೇರಿದುದು. ಹೀಗಿರಲು ತಾಯಿತಂದೆಗಳು ಸತ್ತ ತಬ್ಬಲಿಯನ್ನಾಗಲಿ, ಯಾರೆಂದು ತಿಳಿಯದ ತಾಯಿಯು ದೇವಾಲಯದ ಜಗಲಿಯಲ್ಲೋ ಆಸ್ಪತ್ರೆಯ ಮೆಟ್ಟಿಲಿನಲ್ಲೋ ಬಿಟ್ಟುಹೋದ ಹಸುಗೂಸನ್ನಾಗಲಿ ದತ್ತುಮಾಡಿಕೊಡುವವರು ಯಾರು? ವಿಶೇಷವಾದ ರೂಢಿಯಿದ್ದ ಹೊರತು ಅಂತಹ ದತ್ತಕವು ಸಿಂಧುವಲ್ಲವೆಂದು ಬ್ರಿಟಿಷರ ಕಾಲದ ನ್ಯಾಯಾಲಯಗಳೂ ಎಣಿಸಿದವು. ಯಾವ ಮಗುವಿಗೆ ಮನೆಯು ಎಲ್ಲಕ್ಕಿಂತ ಹೆಚ್ಚು ಅವಶ್ಯಕವೋ ಆ ಮಗುವಿಗೇ ದತ್ತಕದ ಬಾಗಿಲು ತೆರೆಯದಂತಾಯಿತು. ಹೆಣ್ಣುಮಗುವಿಗಂತೂ ಸಾಮಾನ್ಯವಾಗಿ ದತ್ತಕದ ಮಾತೇ ಇರಲಿಲ್ಲ.

ಇತ್ತ ಆಂಗ್ಲರ ಆಡಳಿತವು ಬೇರೊಂದು ಉದ್ದೇಶದಿಂದ ಬೇರೊಂದು ಶಾಸನವನ್ನು ರಚಿಸಿತು. ಅಪ್ರಾಪ್ತವಯಸ್ಕರ ಶರೀರ ಮತ್ತು ಸ್ವತ್ತುಗಳ ರಕ್ಷಣೆಗಾಗಿ ಬಂಗಾಳಕ್ಕೆ ೧೮೫೮ರಲ್ಲಿ, ಮುಂಬಯಿಗೆ ೧೮೬೪ರಲ್ಲಿ ಬೇರೆಬೇರೆ ಕಾಯಿದೆಗಳು ಹುಟ್ಟಿದ್ದವು. ಇವನ್ನು ಒಂದುಗೂಡಿಸಿ ‘ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಆಕ್ಟ್’ ಎಂದು ಪ್ರಸಿದ್ಧವಾದ ೧೮೯೦ರ ೮ನೆಯ ಕಾಯಿದೆಯನ್ನು ಮಾಡಿದರು. ಕನ್ನಡದಲ್ಲಿ ಇದನ್ನು ಪಾಲಕ-ಪಾಲ್ಯರ ಕಾಯಿದೆ ಎನ್ನಬಹುದು. ತಂದೆಯನ್ನು ಕಳೆದುಕೊಂಡ ಬಾಲಕನ ಜಮೀನನ್ನು ಚಿಕ್ಕಪ್ಪನು ನುಂಗದಂತೆ ನೋಡಿಕೊಳ್ಳುವುದು, ಮಗುವು ತಾಯಿಯ ಬಳಿ ಇರಬೇಕೋ ಅಜ್ಜನ ಬಳಿ ಇರಬೇಕೋ ಎಂಬ ವಿವಾದವನ್ನು ತೀರಿಸುವುದು, ಇಂತಹವೇ ಅದರ ಮುಖ್ಯ ವಿಷಯಗಳು. ಅನಾಥಾಲಯದ ತೊಟ್ಟಿಲಿನಿಂದ ಒಂದು ಕೂಸು ಸಮುದ್ರದಾಚೆಯ ಮನೆಯೊಂದಕ್ಕೆ ಹೋಗುವ ಸಂಗತಿಯು ಶಾಸನಕರ್ತರ ಕಣ್ಣಮುಂದೆ ಇದ್ದಂತೆ ಅದರ ಮಾತುಗಳಿಂದ ತೋರುವುದಿಲ್ಲ.

ಆದರೂ ಅದೇ ಕಾಯಿದೆಯು ಮುಂದೆ ಆ ಹಾದಿಯಾಯಿತು. ಅದರ ೮ನೆಯ ಕಲಮಿನಲ್ಲಿ ಪಾಲಕತ್ವಕ್ಕಾಗಿ ಅರ್ಜಿ ಕೊಡಬಹುದಾದವರ ಪಟ್ಟಿಯಿದೆ. ಪಾಲಕನಾಗಲು ‘ಇಚ್ಛಿಸುವವನು’ ಅಲ್ಲಿ ಮೊದಲನೆಯವನು. ಅವನ ಜಾತಿ ಯಾವುದು, ಮತ ಯಾವುದು, ದೇಶ ಯಾವುದು ಎಂದು ಆ ಕಲಮು ಕೇಳುವುದಿಲ್ಲ. ೧೭ನೆಯ ಕಲಮು ಮಗುವಿನ ಕ್ಷೇಮವನ್ನೇ ಪ್ರಧಾನವಾಗಿಟ್ಟುಕೊಂಡು ಅದರ ವಯಸ್ಸು, ಲಿಂಗ, ಮತ, ಪಾಲಕನಾಗುವವನ ಶೀಲ ಮತ್ತು ಸಾಮರ್ಥ್ಯಗಳನ್ನು ಪರಿಶೀಲಿಸಬೇಕೆನ್ನುತ್ತದೆ. ೨೬ನೆಯ ಕಲಮಿನಂತೆ ಕೋರ್ಟಿನ ಅನುಮತಿಯಿಲ್ಲದೆ ಪಾಲ್ಯನನ್ನು ಆ ಕೋರ್ಟಿನ ಎಲ್ಲೆಯಿಂದ ಹೊರಗೆ ಒಯ್ಯುವಂತಿಲ್ಲ. ಅನುಮತಿಯಿದ್ದರೆ ಒಯ್ಯಬಹುದು. ಈ ಮೂರು ಕಲಮುಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ಓದಿದಾಗ ಪರದೇಶದ ದಂಪತಿಗಳಿಗೆ ದಾರಿಯು ಕಾಣಿಸಿತು. ಅವರು ಜಿಲ್ಲಾ ನ್ಯಾಯಾಲಯದಲ್ಲಿ ಪಾಲಕರಾಗಿ ನೇಮಕಗೊಂಡು, ಮಗುವನ್ನು ಹೊರದೇಶಕ್ಕೆ ಕರೆದೊಯ್ಯಲು ಅಪ್ಪಣೆ ಪಡೆದು, ತಮ್ಮ ದೇಶವನ್ನು ಸೇರಿದ ಮೇಲೆ ಅಲ್ಲಿಯ ಶಾಸನದಂತೆ ಅದನ್ನು ದತ್ತು ಮಾಡಿಕೊಳ್ಳುವರು.

ಸ್ವತಂತ್ರ ಭಾರತದ ಶಾಸನವು ದತ್ತಕದ ಬಾಗಿಲನ್ನು ಅರ್ಧ ತೆರೆಯಿತು. ೧೯೫೬ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆಯು ಹೆಣ್ಣುಮಗುವನ್ನೂ ದತ್ತುಕೊಳ್ಳಬಹುದೆಂದಿತು. ೧೯೬೨ರ ತಿದ್ದುಪಡಿಯು, ಪರಿತ್ಯಕ್ತ ಶಿಶುವನ್ನೂ ತಾಯಿತಂದೆ ಯಾರೆಂದು ತಿಳಿಯದ ಶಿಶುವನ್ನೂ ಅದರ ಪಾಲನೆಯನ್ನು ವಹಿಸಿಕೊಂಡವರು ಕೋರ್ಟಿನ ಅನುಮತಿಯಿಂದ ದತ್ತು ಕೊಡಬಹುದೆಂದು ವಿಧಿಸಿತು. ಶತಮಾನಗಳ ಹಿಂದೆ ಮರೆಯಾದ ಅಪವಿದ್ಧನು ಹೀಗೆ ಮರಳಿ ಬಂದನು. ಆದರೆ ಕೊಳ್ಳುವವರೂ ಕೊಡಲ್ಪಡುವ ಮಗುವೂ ಆ ಕಾಯಿದೆಯ ಅರ್ಥದಲ್ಲಿ ಹಿಂದೂಗಳಾಗಿರಬೇಕೆಂಬ ಕಟ್ಟು ಉಳಿಯಿತು. ಆದುದರಿಂದ ಸ್ವೀಡನ್ನಿನ ಕ್ರೈಸ್ತ ದಂಪತಿಗಳಿಗೂ ಮಂಗಳೂರಿನ ಕ್ರೈಸ್ತ ದಂಪತಿಗಳಿಗೂ ಈ ವಿಷಯದಲ್ಲಿ ಭೇದವಿರಲಿಲ್ಲ. ಮುಸಲ್ಮಾನರು ಮತ್ತು ಪಾರ್ಸಿಗಳ ಸ್ಥಿತಿಯೂ ಅದೇ. ಇವರೆಲ್ಲರಿಗೂ ಸಾಮಾನ್ಯವಾಗಿ ೧೮೯೦ರ ಕಾಯಿದೆಯೇ ಗತಿಯಾಯಿತು. ಈ ದೇಶದವರು ಆಯುಷ್ಯವೆಲ್ಲ ಪಾಲಕರಾಗಿಯೇ ಉಳಿಯಬೇಕಾಗಿತ್ತು. ಪರದೇಶದವರಿಗಾದರೋ ಊರಿಗೆ ಮರಳಿದ ಮೇಲೆ ಮಾತಾಪಿತೃಗಳಾಗುವ ಅವಕಾಶವಿತ್ತು.

ಪರದೇಶದವರಿಗೆ ಈ ಆಸೆಯು ಹುಟ್ಟಿದ ಬಗೆಯನ್ನೂ ಇಲ್ಲಿ ಹೇಳಬೇಕು. ೧೯೫೩ರಲ್ಲಿ ಕೊರಿಯದ ಯುದ್ಧವು ನಿಂತಾಗ ಅಲ್ಲಿಯ ಅನಾಥ ಮಕ್ಕಳನ್ನು ಅಮೆರಿಕದ ಕುಟುಂಬಗಳು ಸ್ವೀಕರಿಸತೊಡಗಿದವು. ಯುದ್ಧದ ಕರುಣೆಯಿಂದ ಮೊದಲಾದುದು ಮುಂದೆ ಪದ್ಧತಿಯಾಗಿ ಬೆಳೆಯಿತು. ೧೯೬೦ರ ದಶಕದ ಕೊನೆಯಿಂದ ಪಶ್ಚಿಮದ ದೇಶಗಳಲ್ಲಿ ಸಂತಾನನಿಯಂತ್ರಣದ ಸಾಧನಗಳು ಹರಡಿದವು, ಅವಿವಾಹಿತ ತಾಯಂದಿರಿಗೆ ಸರ್ಕಾರದ ನೆರವು ದೊರೆಯಿತು, ಅವರ ಮೇಲಿನ ಲೋಕನಿಂದೆಯೂ ತಗ್ಗಿತು. ಅಲ್ಲಿ ದತ್ತಕಕ್ಕೆ ದೊರೆಯುವ ಶಿಶುಗಳ ಸಂಖ್ಯೆಯು ಕುಗ್ಗಿತು, ಮಕ್ಕಳನ್ನು ಬಯಸುವವರ ಸಂಖ್ಯೆಯು ಕುಗ್ಗಲಿಲ್ಲ. ಇತ್ತ ನಮ್ಮಲ್ಲಿ ಬಡತನವೂ ಲೋಕಾಪವಾದದ ಭಯವೂ ಹೆಣ್ಣುಮಗುವಿನ ಮೇಲಿನ ಅನಾದರವೂ ಅನಾಥಾಲಯಗಳ ತೊಟ್ಟಿಲುಗಳನ್ನು ತುಂಬುತ್ತಲೇ ಇದ್ದವು. ಹೀಗೆ ಎರಡು ಬಗೆಯ ಕೊರತೆಗಳು ಸಂಧಿಸಿದ ಸ್ಥಳವೇ ನಮ್ಮ ಜಿಲ್ಲಾ ನ್ಯಾಯಾಲಯದ ಕಟ್ಟೆ. ಅರ್ಜಿದಾರರು ಬಹುಮಟ್ಟಿಗೆ ಅಲ್ಲಿಗೆ ಬರುತ್ತಲೂ ಇರಲಿಲ್ಲ. ಅವರ ಪರವಾಗಿ ಮುಖ್ತಿಯಾರ್ ಪತ್ರವನ್ನು ಹಿಡಿದ ಸಂಸ್ಥೆಯವರೇ ಎಲ್ಲವನ್ನೂ ನಡೆಸುತ್ತಿದ್ದರು.

ಈ ಏರ್ಪಾಡಿನ ದೋಷವು ಹೊರನೋಟಕ್ಕೆ ಕಾಣುವಂತಹುದಲ್ಲ. ದತ್ತಪುತ್ರನಿಗೆ ಗೋತ್ರವುಂಟು, ಆಸ್ತಿಯಲ್ಲಿ ಭಾಗವುಂಟು, ಮುರಿಯಲಾಗದ ಸಂಬಂಧವುಂಟು. ಪಾಲ್ಯನಿಗೆ ಇವು ಒಂದೂ ಇಲ್ಲ. ಅವನು ಪ್ರಾಪ್ತವಯಸ್ಕನಾದೊಡನೆ ಪಾಲಕತ್ವವು ಮುಗಿಯುತ್ತದೆ. ಪಾಲಕನನ್ನು ಕೋರ್ಟು ತೆಗೆದುಹಾಕಲೂಬಹುದು. ಹಾಗೆ ತೆಗೆದುಹಾಕುವುದಕ್ಕೆ ೩೯ನೆಯ ಕಲಮು ಹೇಳುವ ಕಾರಣಗಳಲ್ಲಿ, ಪಾಲಕನು ಆ ಕೋರ್ಟಿನ ಎಲ್ಲೆಯೊಳಗೆ ವಾಸಮಾಡುವುದನ್ನು ಬಿಡುವುದೂ ಒಂದು! ಊರು ಬಿಟ್ಟುಹೋಗುವುದನ್ನೇ ದೋಷವೆಂದು ಎಣಿಸಿದ ಶಾಸನವನ್ನು ಹಿಡಿದು, ದೇಶವನ್ನೇ ಬಿಟ್ಟುಹೋಗುವವರನ್ನು ಪಾಲಕರನ್ನಾಗಿ ಮಾಡಬೇಕಾಗಿ ಬಂದಿತು. ನ್ಯಾಯಾಧೀಶರ ದೃಷ್ಟಿಯು ಎಷ್ಟೇ ಎಚ್ಚರದ್ದಾಗಿದ್ದರೂ ವಿಮಾನವು ಹಾರಿದ ಮೇಲೆ ಅದು ಎಷ್ಟು ದೂರ ಹರಿದೀತು?

ಮಗುವು ಭಾರತದ ರಹದಾರಿಯನ್ನು ಹಿಡಿದು, ಪಾಲ್ಯನೆಂಬ ಹೆಸರಿನಿಂದ ಹೊರಡುತ್ತಿತ್ತು. ಇಲ್ಲಿ ಅದಕ್ಕೆ ತಾಯಿತಂದೆಗಳಿಲ್ಲ, ಅಲ್ಲಿ ಇನ್ನೂ ಆಗಿಲ್ಲ. ಈ ನಡುವಣ ಅವಧಿಯಲ್ಲಿ ಪಾಲಕರ ಮನಸ್ಸು ಬದಲಾದರೆ, ಅವರ ಸಂಸಾರವು ಒಡೆದರೆ, ಅಥವಾ ಕೇವಲ ಉದಾಸೀನದಿಂದ ದತ್ತಕದ ಕಾಗದಗಳು ಪೂರ್ತಿಯಾಗದೆ ಹೋದರೆ ಮಗುವಿನ ಗತಿಯೇನು? ಇದು ಬರಿಯ ಊಹೆಯಲ್ಲ. ಅಮೆರಿಕದಲ್ಲಿ ಬಹುಕಾಲ ದತ್ತಕವೂ ಪೌರತ್ವವೂ ಬೇರೆಬೇರೆ ಸಂಗತಿಗಳಾಗಿದ್ದವು. ಹೊರದೇಶದಿಂದ ಬಂದ ದತ್ತುಮಕ್ಕಳಿಗೆ ತಾನಾಗಿ ಪೌರತ್ವವು ದೊರೆಯಬೇಕೆಂಬ ಶಾಸನವು ಅಲ್ಲಿ ೨೦೦೦ದಲ್ಲಿ ಅಂಗೀಕೃತವಾಗಿ ಮರುವರ್ಷದ ಫೆಬ್ರವರಿಯಲ್ಲಿ ಜಾರಿಗೆ ಬಂದಿತು. ಆ ದಿನಕ್ಕೆ ೧೮ ವರ್ಷ ತುಂಬಿದ್ದವರಿಗೆ ಅದು ಅನ್ವಯಿಸಲಿಲ್ಲ. ಹೀಗೆ ಶೈಶವದಲ್ಲಿಯೇ ಕಡಲನ್ನು ದಾಟಿ, ಬೇರೊಂದು ಭಾಷೆಯನ್ನೇ ತಾಯ್ನುಡಿಯಾಗಿ ಆಡಿ ಬೆಳೆದವರಲ್ಲಿ ಕೆಲವರು ನಡುವಯಸ್ಸಿನಲ್ಲಿ ತಾವು ಯಾವ ದೇಶದ ಪ್ರಜೆಗಳೆಂಬ ಪ್ರಶ್ನೆಯನ್ನು ಎದುರಿಸಬೇಕಾಯಿತು. ಕಾಗದವೊಂದರ ಕೊರತೆಯು ಒಂದು ಜೀವಮಾನವನ್ನೇ ಹಿಂಬಾಲಿಸಿತು.

ಎಲ್ಲ ಮತದವರಿಗೂ ಸಾಮಾನ್ಯವಾದ ಒಂದು ದತ್ತಕ ಶಾಸನವಿದ್ದಿದ್ದರೆ ಈ ತೊಡಕು ಬಹುಮಟ್ಟಿಗೆ ತಪ್ಪುತ್ತಿತ್ತು. ಅದಕ್ಕಾಗಿ ಯತ್ನವು ನಡೆಯದೆ ಇರಲಿಲ್ಲ. ೧೯೭೨ರಲ್ಲಿ ಮಕ್ಕಳ ದತ್ತಕ ಮಸೂದೆಯೊಂದು ರಾಜ್ಯಸಭೆಯ ಮುಂದೆ ಬಂದಿತು. ದತ್ತಕವು ತಮ್ಮ ಧರ್ಮಶಾಸನಕ್ಕೆ ಸಮ್ಮತವಲ್ಲವೆಂದು ಮುಸಲ್ಮಾನರಲ್ಲಿ ಅನೇಕರು ವಿರೋಧಿಸಿದುದರಿಂದ ಅದನ್ನು ಕೈಬಿಡಲಾಯಿತು. ೧೯೮೦ರ ಡಿಸೆಂಬರಿನಲ್ಲಿ, ಮುಸಲ್ಮಾನರಿಗೆ ಅನ್ವಯಿಸದೆಂಬ ಕಲಮನ್ನು ಸೇರಿಸಿ ಇನ್ನೊಂದು ಮಸೂದೆಯನ್ನು ಮಂಡಿಸಿದರು. ಹೊರದೇಶದಲ್ಲಿ ನೆಲೆಸಿದವರು ಮಕ್ಕಳನ್ನು ಕರೆದೊಯ್ಯುವ ವಿಷಯವಾಗಿ ಅದರಲ್ಲಿ ಪ್ರತ್ಯೇಕ ವಿಧಿಗಳಿದ್ದವು. ಅದೂ ಶಾಸನವಾಗಲಿಲ್ಲ. ಶಾಸನಸಭೆಯು ಸುಮ್ಮನಾದ ಸ್ಥಳದಲ್ಲಿ ನ್ಯಾಯಾಲಯಗಳು ಮಾತನಾಡಬೇಕಾಯಿತು. ಮುಂಬಯಿಯ ಉಚ್ಚ ನ್ಯಾಯಾಲಯವು ಪರದೇಶದವರ ಅರ್ಜಿಯು ಬಂದಾಗ ಭಾರತೀಯ ಸಮಾಜಕಲ್ಯಾಣ ಪರಿಷತ್ತಿಗೆ ತಿಳಿವಳಿಕೆ ಕೊಟ್ಟು ಅದರ ಅಭಿಪ್ರಾಯವನ್ನು ಕೇಳುವ ಪದ್ಧತಿಯನ್ನು ಇಟ್ಟುಕೊಂಡಿತು. ಗುಜರಾತಿನ ಉಚ್ಚ ನ್ಯಾಯಾಲಯವೂ ೧೯೮೨ರಲ್ಲಿ ಇಂತಹ ಅರ್ಜಿಗಳನ್ನು ಹೇಗೆ ಪರೀಕ್ಷಿಸಬೇಕೆಂಬ ಸೂತ್ರಗಳನ್ನು ಹೇಳಿತು. ಆದರೆ ದೇಶಕ್ಕೆಲ್ಲ ಒಂದೇ ಕ್ರಮವೆಂಬುದು ಇರಲಿಲ್ಲ.

ಆ ಕ್ರಮವು ಹುಟ್ಟಿದುದು ಒಂದು ಪತ್ರದಿಂದ. ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು, ಭಾರತದ ಮಕ್ಕಳನ್ನು ಪರದೇಶದವರಿಗೆ ಒಪ್ಪಿಸುವ ಕೆಲಸದಲ್ಲಿ ತೊಡಗಿದ ಸಂಸ್ಥೆಗಳಲ್ಲಿ ಅನಾಚಾರಗಳು ನಡೆಯುತ್ತಿವೆಯೆಂದೂ, ದತ್ತಕದ ನೆಪದಲ್ಲಿ ಹೋದ ಮಕ್ಕಳು ಅಲ್ಲಿ ದಿಕ್ಕಿಲ್ಲದವರಾಗುವ ಭಯವಿದೆಯೆಂದೂ ಸರ್ವೋಚ್ಚ ನ್ಯಾಯಾಲಯಕ್ಕೆ ಬರೆದರು. ನ್ಯಾಯಾಲಯವು ೧೯೮೨ರ ಸೆಪ್ಟೆಂಬರ್ ೧ರಂದು ಆ ಪತ್ರವನ್ನೇ ರಿಟ್ ಅರ್ಜಿಯೆಂದು ಸ್ವೀಕರಿಸಿತು. ಮಕ್ಕಳ ಕಲ್ಯಾಣಕ್ಕಾಗಿ ದುಡಿಯುವ ಪರಿಷತ್ತುಗಳನ್ನೂ ಸಂಸ್ಥೆಗಳನ್ನೂ ಕರೆಸಿ ಅವರ ಅನುಭವವನ್ನು ಕೇಳಿತು. ೧೯೮೪ರ ಫೆಬ್ರವರಿ ೬ರಂದು ನ್ಯಾಯಮೂರ್ತಿ ಪಿ. ಎನ್. ಭಗವತಿಯವರು ತೀರ್ಪನ್ನಿತ್ತರು.

ಆ ತೀರ್ಪು ಪರದೇಶದವರಿಗೆ ಬಾಗಿಲನ್ನು ಮುಚ್ಚಲಿಲ್ಲ, ಹಾರುಹೊಡೆದು ಬಿಡಲೂ ಇಲ್ಲ. ಮಗುವಿಗೆ ಮೊದಲ ಹಕ್ಕು ಹೆತ್ತವರ ಮಡಿಲಿನಲ್ಲಿ. ಅದು ಅಸಾಧ್ಯವಾದರೆ ಸ್ವದೇಶದ ಇನ್ನೊಂದು ಮನೆಯಲ್ಲಿ. ಅದೂ ದೊರೆಯದಿದ್ದಾಗ, ಅನಾಥಾಲಯದಲ್ಲಿ ಬೆಳೆಯುವುದಕ್ಕಿಂತ ಪರದೇಶದ ಸಂಸಾರವೊಂದರ ಪ್ರೀತಿಯಲ್ಲಿ ಬೆಳೆಯುವುದು ಲೇಸು ಎಂಬುದೇ ಅದರ ಸೋಪಾನಕ್ರಮ. ಈ ಕ್ರಮಕ್ಕೆ ಆಧಾರವಾಗಿ ದತ್ತಕದ ಶಾಸನವು ಯಾವುದೂ ಇರಲಿಲ್ಲವಾಗಿ ನ್ಯಾಯಾಲಯವು ೧೮೯೦ರ ಕಾಯಿದೆಯನ್ನೇ ಹಿಡಿಯಿತು. ೧೭ನೆಯ ಕಲಮಿನ ‘ಮಗುವಿನ ಕ್ಷೇಮ’ವೆಂಬ ಮಾತಿನೊಳಗೆ ಸಂವಿಧಾನದ ಆಶಯವನ್ನೂ ಮಕ್ಕಳ ವಿಷಯವಾದ ೧೯೭೪ರ ರಾಷ್ಟ್ರೀಯ ನೀತಿಯನ್ನೂ ತುಂಬಿತು.

ವಿಧಿಗಳಲ್ಲಿ ಕೆಲವನ್ನು ಗಮನಿಸಬೇಕು. ಪರದೇಶದ ಅರ್ಜಿದಾರನು ನೇರವಾಗಿ ಬರಕೂಡದು. ಅವನ ದೇಶದ ಸರ್ಕಾರದಿಂದ ಮನ್ನಣೆ ಪಡೆದ ಸಂಸ್ಥೆಯೊಂದು ಅವನ ಮನೆ, ಶೀಲ, ಆರೋಗ್ಯ, ವರಮಾನಗಳನ್ನು ವಿಚಾರಿಸಿ ವರದಿಯೊಡನೆ ಅರ್ಜಿಯನ್ನು ಕಳುಹಿಸಬೇಕು. ಇಲ್ಲಿ ಅದನ್ನು ನಡೆಸುವ ಸಂಸ್ಥೆಗೂ ಸರ್ಕಾರದ ಮನ್ನಣೆಯಿರಬೇಕು. ಕೋರ್ಟು ಆ ಕಾಗದಗಳನ್ನು ತಜ್ಞಸಂಸ್ಥೆಯೊಂದರಿಂದ ಬೇರೆಯಾಗಿ ಪರೀಕ್ಷೆ ಮಾಡಿಸಬೇಕು. ಎರಡು ವರ್ಷಗಳೊಳಗಾಗಿ ಮಗುವನ್ನು ಆ ದೇಶದಲ್ಲಿ ವಿಧಿವತ್ತಾಗಿ ದತ್ತು ಮಾಡಿಕೊಳ್ಳುವಂತೆ ಕಟ್ಟುಪಾಡು ಇರಬೇಕು. ಅದಕ್ಕಾಗಿ ಪಾಲಕರಿಂದ ಮುಚ್ಚಳಿಕೆಯನ್ನು ಬರೆಸಿಕೊಳ್ಳಬೇಕು. ಮಗುವಿನ ಬೆಳವಣಿಗೆಯ ವರದಿಯೂ ಭಾವಚಿತ್ರವೂ ನಿಯತಕಾಲಕ್ಕೆ ಬರುತ್ತಿರಬೇಕು. ಕಾಯಿದೆಯು ಎಟಕದ ದೂರಕ್ಕೆ ನ್ಯಾಯಾಲಯವು ಈ ಕಾಗದಗಳ ಮೂಲಕ ಕೈಚಾಚಿತು. ಪಾಲ್ಯತ್ವದಿಂದ ಪುತ್ರತ್ವದವರೆಗಿನ ನಡುವಣ ಅವಧಿಗೆ ಮೊದಲ ಬಾರಿಗೆ ಒಂದು ಬೇಲಿಯು ಬಿದ್ದಿತು.

ಹೆತ್ತ ತಾಯಿಯನ್ನೂ ತೀರ್ಪು ಮರೆಯಲಿಲ್ಲ. ಮಗುವನ್ನು ಒಪ್ಪಿಸಿದ ತಾಯಿಗೆ ಮರುಚಿಂತನೆ ಮಾಡಲು ಸುಮಾರು ಮೂರು ತಿಂಗಳ ಅವಕಾಶವಿರಬೇಕೆಂದಿತು. ಹುಟ್ಟುವ ಮೊದಲೇ ಅಥವಾ ಹೆರಿಗೆಯ ನೋವಿನ ನಡುವೆ ಬರೆಸಿಕೊಂಡ ಒಪ್ಪಿಗೆಯನ್ನು ಒಪ್ಪಿಗೆಯೆನ್ನಲಾಗದಷ್ಟೆ. ಹಾಗೆಯೇ ಅರ್ಜಿಯ ವಿಷಯವನ್ನು ವೃತ್ತಪತ್ರಿಕೆಗಳಲ್ಲಿ ಪ್ರಕಟಿಸಕೂಡದೆಂದೂ ವಿಧಿಸಿತು. ಹೆತ್ತವಳ ಗುಟ್ಟು ಹೊರಬೀಳಬಾರದು, ಸಾಕುವವರ ನೆಮ್ಮದಿಯೂ ಕೆಡಬಾರದು ಎಂಬುದು ಇದರ ಉದ್ದೇಶ. ಹಣದ ವಿಷಯದಲ್ಲಿಯೂ ಕಟ್ಟನ್ನು ಹಾಕಿತು. ಮಗುವನ್ನು ಆರಿಸಿದ ದಿನದಿಂದ ಸಂಸ್ಥೆಯು ದಿನಕ್ಕೆ ೬೦ ರೂಪಾಯಿಗೆ ಮೀರದಂತೆ ಪಾಲನೆಯ ವೆಚ್ಚವನ್ನು ಪಡೆಯಬಹುದೆಂದಿತು. ಮಗುವಿಗೆ ಬೆಲೆಯಿಲ್ಲ, ಹಾಲಿಗೆ ಬಟ್ಟೆಗೆ ಮಾತ್ರ ಬೆಲೆಯುಂಟು ಎಂಬುದೇ ಆ ಅಂಕಿಯ ಭಾವ.

ನ್ಯಾಯಾಲಯವು ೧೯೮೫ ಮತ್ತು ೧೯೮೬ರಲ್ಲಿ ಈ ವಿಧಿಗಳನ್ನು ಪುನಃ ತಿದ್ದಿ ವಿಶದಪಡಿಸಿತು. ತೀರ್ಪು ಸೂಚಿಸಿದಂತೆ ೧೯೯೦ರಲ್ಲಿ ಕೇಂದ್ರ ದತ್ತಕ ಸಂಸ್ಥೆಯು ಸ್ಥಾಪಿತವಾಯಿತು. ಆದರೆ ಬೇಲಿ ಹಾಕಿದ ಮಾತ್ರಕ್ಕೆ ಕಳ್ಳದಾರಿಗಳು ಮುಚ್ಚಿಹೋಗುವುದಿಲ್ಲ. ೧೯೯೯ರಲ್ಲಿಯೂ ೨೦೦೧ರಲ್ಲಿಯೂ ಆಂಧ್ರಪ್ರದೇಶದಲ್ಲಿ, ಲಂಬಾಣಿ ತಾಂಡಾಗಳ ಬಡ ತಾಯಂದಿರಿಂದ ಅಲ್ಪ ಹಣಕ್ಕೆ ಹೆಣ್ಣುಕೂಸುಗಳನ್ನು ಕೊಂಡು ಪರಿತ್ಯಕ್ತ ಶಿಶುಗಳೆಂದು ತೋರಿಸುತ್ತಿದ್ದ ಆಪಾದನೆಗಳು ಬಯಲಿಗೆ ಬಂದು, ಅಲ್ಲಿಯ ಸರ್ಕಾರವು ಕಠಿನ ಕ್ರಮಗಳನ್ನು ಕೈಗೊಳ್ಳಬೇಕಾಯಿತು. ಕೋರ್ಟಿಗೆ ಬಂದ ಕಾಗದವು ಸರಿಯಾಗಿದ್ದರೂ, ಕಾಗದವು ಹುಟ್ಟಿದ ಸ್ಥಳದಲ್ಲಿ ಅನ್ಯಾಯವು ನಡೆದಿರಬಹುದೆಂಬುದು ಅಂದು ಎಲ್ಲರಿಗೂ ವೇದ್ಯವಾಯಿತು. ಪಾಲಕನಾಗುವವನ ಯೋಗ್ಯತೆಯನ್ನು ವಿಚಾರಿಸುವಷ್ಟೇ ಶ್ರದ್ಧೆಯಿಂದ, ಮಗುವು ನಿಜವಾಗಿಯೂ ತೊರೆಯಲ್ಪಟ್ಟುದೋ ಎಂಬುದನ್ನೂ ವಿಚಾರಿಸಬೇಕಾಗಿತ್ತು.

ರಾಷ್ಟ್ರಗಳೂ ಈ ವೇಳೆಗೆ ಒಂದು ಕಟ್ಟಿಗೆ ಬಂದಿದ್ದವು. ೧೯೯೩ರ ಮೇ ೨೯ರಂದು ಹೇಗ್ ನಗರದಲ್ಲಿ ಸಿದ್ಧವಾದ ಒಡಂಬಡಿಕೆಯು, ಮಗುವನ್ನು ಕೊಡುವ ದೇಶವೂ ಪಡೆಯುವ ದೇಶವೂ ಹೊಣೆಯನ್ನು ಹಂಚಿಕೊಳ್ಳಬೇಕೆಂದೂ ಒಂದು ದೇಶದಲ್ಲಿ ಕ್ರಮವಾಗಿ ನಡೆದ ದತ್ತಕವನ್ನು ಮಿಕ್ಕ ದೇಶಗಳು ಮನ್ನಿಸಬೇಕೆಂದೂ ವಿಧಿಸಿತು. ಭಾರತವು ೨೦೦೩ರಲ್ಲಿ ಇದನ್ನು ಸ್ಥಿರೀಕರಿಸಿತು. ಅದಕ್ಕೆ ಮೊದಲೇ ೨೦೦೦ದ ಬಾಲನ್ಯಾಯ ಕಾಯಿದೆಯು ಮತಭೇದವಿಲ್ಲದ ದತ್ತಕಕ್ಕೆ ಅಂಕುರವನ್ನು ಹಾಕಿತ್ತು. ೨೦೦೬ರ ತಿದ್ದುಪಡಿಯು, ದತ್ತುಮಗುವು ಎಲ್ಲ ಹಕ್ಕುಬಾಧ್ಯತೆಗಳೊಡನೆ ದತ್ತು ಪಡೆದವರ ನ್ಯಾಯಸಮ್ಮತ ಮಗುವಾಗುವುದೆಂದು ಬಿಚ್ಚಿಹೇಳಿತು. ಬಯಸುವ ಯಾವ ಮತದವರಾದರೂ ಈ ಶಾಸನದಂತೆ ಮಕ್ಕಳನ್ನು ದತ್ತುಪಡೆಯಬಹುದೆಂದು ೨೦೧೪ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿತು. ಅದಕ್ಕೆ ಒಂದು ವರ್ಷ ಮೊದಲು, ೧೮೯೦ರ ಕಾಯಿದೆಯಂತೆ ಪಾಲಕತ್ವವನ್ನು ಬೇಡಿ ಕೆಳಗಿನ ನ್ಯಾಯಾಲಯಗಳಲ್ಲಿ ಸೋತಿದ್ದ ಪರದೇಶದ ಮಹಿಳೆಯೊಬ್ಬರ ಅಪೀಲಿನಲ್ಲಿ, ಅದೇ ನ್ಯಾಯಾಲಯವು ಪಾಲಕತ್ವಕ್ಕೆ ನಿಲ್ಲದೆ ದತ್ತಕವನ್ನೇ ದಯಪಾಲಿಸಿತು. ಪಾಲ್ಯಳಾಗಿ ಹೊರಡಬೇಕಾಗಿದ್ದ ಬಾಲಿಕೆಯು ಮಗಳಾಗಿ ಹೊರಟಳು. ಮುಂದೆ ೨೦೧೫ರ ಬಾಲನ್ಯಾಯ ಕಾಯಿದೆಯು, ಅನಾಥ ಮತ್ತು ಪರಿತ್ಯಕ್ತ ಮಕ್ಕಳನ್ನು ಹೊರದೇಶದವರಿಗೆ ಕೊಡುವುದು ತನ್ನ ವಿಧಿಗಳಂತೆಯೇ ನಡೆಯಬೇಕೆಂದು ಕಟ್ಟುಮಾಡಿತು. ೨೦೨೨ರ ಸೆಪ್ಟೆಂಬರ್ ೧ರಿಂದ ಜಾರಿಗೆ ಬಂದ ತಿದ್ದುಪಡಿಯು ದತ್ತಕದ ಆಜ್ಞೆಯನ್ನು ಹೊರಡಿಸುವ ಅಧಿಕಾರವನ್ನು ಕೋರ್ಟಿನಿಂದ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ವಹಿಸಿತು.

ಸಿಂಹಾವಲೋಕನ ಮಾಡಿದರೆ ಈ ಇತಿಹಾಸದ ತಿರುಳು ಸ್ಪಷ್ಟವಾಗುತ್ತದೆ. ಪುತ್ರತ್ವವನ್ನು ಕೊಡಲು ಶಾಸನವಿಲ್ಲದ ಕಾಲದಲ್ಲಿ, ಆಸ್ತಿಯ ಕಾವಲಿಗಾಗಿ ಹುಟ್ಟಿದ ಶಾಸನವೊಂದು ತಬ್ಬಲಿಗಳನ್ನು ಮನೆಗೆ ಮುಟ್ಟಿಸುವ ದೋಣಿಯಾಯಿತು. ಅದು ಬಹು ಮಕ್ಕಳನ್ನು ದಡ ಸೇರಿಸಿತೆಂಬುದೂ ನಿಜ, ಸೋರುತ್ತಿದ್ದಿತೆಂಬುದೂ ನಿಜ. ಸೋರಿದುದಕ್ಕೆ ಕಾರಣವು ಪರದೇಶದವರ ದುರ್ಬುದ್ಧಿಯೊಂದೇ ಅಲ್ಲ. ಸ್ವದೇಶದಲ್ಲಿ ಎಲ್ಲರಿಗೂ ಸಲ್ಲುವ ದತ್ತಕವನ್ನು ವಿಧಿಸಲು ದಶಕಗಳ ಕಾಲ ಹಿಂಜರಿದ ನಮ್ಮ ಅಲಸಿಕೆಯೂ ಅದರಲ್ಲಿ ಪಾಲುಗೊಂಡಿದೆ. ಅಪವಿದ್ಧನನ್ನು ಎತ್ತಿಕೊಂಡವನೇ ತಂದೆ ಎಂದ ಸ್ಮೃತಿಕಾರನ ಮಾತಿಗೆ ಶಾಸನವು ಬಹು ಸುತ್ತು ಹಾಕಿ ಮರಳಿ ಬಂದಿದೆ. ಆದರೆ ಸ್ಮೃತಿಕಾರನು ಕೇಳದ ಎರಡು ಪ್ರಶ್ನೆಗಳನ್ನು ಅದು ಈ ಸುತ್ತಿನಲ್ಲಿ ಕಲಿತುಕೊಂಡಿದೆ: ಎತ್ತಿಕೊಳ್ಳುವವನು ಎಂತಹವನು ಎಂಬುದು ಒಂದು, ತೊರೆದವಳು ನಿಜವಾಗಿಯೂ ತೊರೆದಳೇ ಎಂಬುದು ಇನ್ನೊಂದು. ಆಜ್ಞೆಯನ್ನು ಬರೆಯುವ ಕೈ ನ್ಯಾಯಾಧೀಶರದ್ದಾಗಲಿ ಜಿಲ್ಲಾಧಿಕಾರಿಗಳದ್ದಾಗಲಿ, ಈ ಎರಡು ಪ್ರಶ್ನೆಗಳಿಗೆ ಉತ್ತರವು ದೊರೆಯುವವರೆಗೂ ಮಗುವಿನ ಕ್ಷೇಮವೆಂಬ ಮಾತು ಪೂರ್ಣವಾಗಲಾರದು.